ಕದ್ರಿ ಬಿಟ್ಟು ಬಜ್ಪೆಗೆ

ನನ್ನ ಸೋದರತ್ತೆಯ ಜತೆ ಎಲ್ಲಿಗಾದರೂ ಹೋಗುವುದೆಂದರೆ ಒಂದು ಬಾವಿಯಿಂದ ಇನ್ನೊಂದು ಬಾವಿಗೆ ಹೋಗುವುದು ಎಂದೇ ಅರ್ಥ. ದಾರಿ, ದೂರ, ಬಿಸಿಲು ಎಲ್ಲ ಆಮೇಲಿನ ಮಾತು. ಅವಳು ಅಪ್ಪನ ಅಕ್ಕ. ಹನ್ನೊಂದಕ್ಕೆ ಮದುವೆಯಾಗಿ, ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಬಾಯಾರಿನ ನಮ್ಮ ಮನೆಗೆ ಮರಳಿ ಬಂದವಳು. ಆಮೇಲೆ ಅವಳಿಗೆ ಸ್ವಂತದ್ದು ಎಂದು ಉಳಿದದ್ದು ಮಡಿಯೊಂದೇ. ಅದನ್ನು ಅವಳು ಬಿಗಿಯಾಗಿ ಹಿಡಿದುಕೊಂಡಳು.

ಕುಡಿದರೆ ತಾನೇ ಸೇದಿದ ಬಾವಿಯ ನೀರು, ಅದೂ ಗುರುತಿನವರ ಮನೆಯದ್ದು ಇಲ್ಲವೆ ದೇವಸ್ಥಾನದ್ದು. ನಳ್ಳಿಯ ನೀರು ಆಗದು. ನಳ್ಳಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಸೋಡಾದ ಮಾತೇ ಬೇಡ. ಬೊಂಡದ ಎಳನೀರಾದರೂ ಆಗಬಹುದಲ್ಲ ಎಂದರೆ, ಕೆತ್ತುವವನ ಕತ್ತಿ ಯಾವುದಕ್ಕೆಲ್ಲ ತಾಗಿದೆಯೋ ಎನ್ನುತ್ತಿದ್ದಳು. "ಶಾಸ್ತ್ರಂದಲೂ ಅಕ್ಕ ಒಂದು ಮೊಳ ಮುಂದೆ" ಎಂದು ಅಪ್ಪ ಗೊಣಗುತ್ತಿದ್ದರು. ಊರಿನಿಂದ ಹೊರಗೆ ಕಾಲಿಟ್ಟರೆ ಅವಳ ಕೈಯಲ್ಲಿ ತಿರುಪಿನ ಮುಚ್ಚಳದ ಒಂದು ಹಿತ್ತಾಳೆ ಚೆಂಬು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ನೀರು ಕೆಟ್ಟಂತೆ.

ಆ ಮಡಿಯನ್ನು ಹೊಗಳಲು ನಾನು ಕೂತಿಲ್ಲ. ಅದರ ಕಾಟ ಉಂಡು ಬೆಳೆದವಳು ನಾನು. ಸ್ನಾನ ಮುಗಿಸಿ ಬರುವಾಗ ಅವಳ ಸೀರೆಯ ಸೆರಗು ನನಗೆ ತಾಗಿತೆಂದು ಎಷ್ಟು ಸಲ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೂ ಇಷ್ಟು ವರ್ಷಗಳ ಮೇಲೆ ಯಾರಿಗಾದರೂ ಕೈಮುಗಿಯಬೇಕೆಂದು ಅನ್ನಿಸಿದಾಗ ಮೊದಲು ನೆನಪಾಗುವುದು ಆ ಬೋಳುತಲೆ ಮತ್ತು ಆ ಚೆಂಬು.

ನನಗಾಗ ಹದಿನೇಳು. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ನಾವಿನ್ನೂ ಮದ್ರಾಸಿಗೆ ಸೇರಿದವರು. ನನ್ನ ಮದುವೆ ನಿಶ್ಚಯವಾಗಿತ್ತು. ಗಂಡಿನ ಮನೆ ಘಟ್ಟದ ಬುಡದಲ್ಲಿ, ಎರಡು ಹೊಳೆ ದಾಟಿ ಹೋಗಬೇಕಾದ ಜಾಗ. ಅಲ್ಲಿಗೆ ಹೋದ ಸೊಸೆಯಂದಿರು ಹೆರಿಗೆಗೆ ಬಿಟ್ಟರೆ ಹೊರಗೆ ಬರುವುದಿಲ್ಲ ಎಂದು ನಮ್ಮ ಕಡೆ ಒಂದು ಮಾತೇ ಇತ್ತು. ಧಾರೆ ಸೀರೆ ತರಲು ಅಪ್ಪ ಮಂಗಳೂರಿಗೆ ಹೊರಟಾಗ ನಾನೂ ಬರುತ್ತೇನೆಂದು ಹಟ ಹಿಡಿದೆ. ಆ ದಿನಗಳಲ್ಲಿ ಮಂಗಳೂರಿನ ಹತ್ತಿರ ಬಜ್ಪೆಯ ಗುಡ್ಡದ ಮೇಲೆ ಹೊಸತಾಗಿ ವಿಮಾನ ಇಳಿಯಲು ತೊಡಗಿತ್ತು. ಅಂಗಳದಲ್ಲಿ ಬಟ್ಟೆ ಒಣಗಿಸುವಾಗ ಒಂದೆರಡು ಸಲ ಅದು ತಲೆಯ ಮೇಲಿಂದ ಹೋದದ್ದನ್ನು ಕಂಡಿದ್ದೆ. ಅದರೊಳಗೆ ನಿಜಕ್ಕೂ ಜನ ಇರುತ್ತಾರೆಯೇ ಎಂದು ನೋಡಬೇಕಿತ್ತು. ಮದುವೆಯಾದ ಮೇಲೆ ಯಾವ ಗಂಡ ಹೆಂಡತಿಯನ್ನು ವಿಮಾನ ತೋರಿಸಲು ಕರೆದುಕೊಂಡು ಹೋಗುತ್ತಾನೆ? ಈಗ ಇಲ್ಲವಾದರೆ ಇನ್ನಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು.

ಮದುಮಗಳಾಗುವ ಹುಡುಗಿಯ ಜತೆ ಒಬ್ಬ ಹೆಂಗಸು ಬೇಕಲ್ಲ. ಅಮ್ಮನ ಸೊಂಟದ ಮೇಲೆ ಕೂಸಿತ್ತು. ಹಾಗಾಗಿ ಅತ್ತೆ ಹೊರಟಳು. ಅವಳಿಗೂ ಒಂದು ಆಸೆಯಿತ್ತು, ಅದು ನನ್ನದಕ್ಕಿಂತ ನಲ್ವತ್ತು ವರ್ಷ ಹಳೆಯದು. ಅವಳ ಅಮ್ಮ, ಎಂದರೆ ನನ್ನ ಅಜ್ಜಿ, ಮದುವೆಯಾದ ಹೊಸತರಲ್ಲಿ ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋಗಿ ಅಲ್ಲಿಯ ಕೆರೆಯಲ್ಲಿ ಮಿಂದು ಬಂದವರು. ಬಂಡೆಯೊಳಗಿನಿಂದ ಬರುವ ಆ ನೀರಿನ ತಂಪು, ಅದರ ರುಚಿ, ಸಾಲಾಗಿರುವ ಏಳು ಕೆರೆಗಳು ಎಂದು ಅಜ್ಜಿ ಹೇಳಿದ್ದನ್ನೇ ಹೇಳುತ್ತಿದ್ದರು. ಕೇಳಿ ಕೇಳಿ ಅತ್ತೆಗೆ ಅದೊಂದು ಹಂಬಲವಾಗಿತ್ತು. "ಒಂದರಿ ಕದ್ರಿ ಕೆರೆಲಿ ಮೀಯೆಕ್ಕು. ಮತ್ತೆ ಎನಗೆ ಎಲ್ಲಿಗೂ ಹೋಪಲಿಲ್ಲೆ" ಎನ್ನುತ್ತಿದ್ದಳು. ವಿಧವೆಯನ್ನು ಕೆರೆಯಲ್ಲಿ ಮೀಯಿಸಲು ಯಾರಿಗೆ ಪುರುಸೊತ್ತು?

ಹೊರಡುವ ಮೊದಲಿನ ದಿನ ಜಗಲಿಯಲ್ಲಿ ಕೂತು ನಾವು ಊರಿನವರೆಲ್ಲರ ಸಲಹೆ ಕೇಳಿದೆವು. ಒಬ್ಬರು ದೀಪಸ್ತಂಭದ ಗುಡ್ಡ ಎಂದರು, ಇನ್ನೊಬ್ಬರು ಪತ್ತೆಮಾರಿ ಹಾಯಿಹಡಗು ನಿಲ್ಲುವ ಬಂದರು, ಮತ್ತೊಬ್ಬರು ಹಂಚಿನ ಕಾರ್ಖಾನೆ, ಟಾಕೀಸು, ಮಂಗಳಾದೇವಿ. ಅತ್ತೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿದಳು: "ಅಲ್ಲಿ ಬಾವಿ ಇದ್ದೋ?" ಗುಡ್ಡದ ಮೇಲೆ ಬಾವಿ ಇಲ್ಲ, ಬಿಟ್ಟಾಯಿತು. ಬಂದರಿನಲ್ಲಿರುವುದು ಉಪ್ಪು ನೀರು, ಅದೂ ಹೋಯಿತು. ಟಾಕೀಸಿನಲ್ಲಿ ಬಾವಿ ಇದೆಯೇ ಎಂದು ಯಾರಿಗೂ ತಿಳಿಯದು. ಹೀಗೆ ಇಡೀ ಮಂಗಳೂರು ಅತ್ತೆಯ ಚೆಂಬಿನೊಳಗೆ ಇಳಿದು ಕೊನೆಗೆ ಕದ್ರಿ ಉಳಿಯಿತು. ನಾನು ಮೂತಿ ಊದಿಸಿಕೊಂಡು ಕೂತದ್ದರಿಂದ ಬಜ್ಪೆಯೂ ಉಳಿಯಿತು. ಬೆಳಗ್ಗೆ ಸೀರೆ, ಮಧ್ಯಾಹ್ನದೊಳಗೆ ಕದ್ರಿಯಲ್ಲಿ ಅತ್ತೆಯ ಸ್ನಾನ, ಅಲ್ಲಿಯೇ ಚೆಂಬಿಗೆ ನೀರು, ಅಲ್ಲಿಂದ ಬಜ್ಪೆ, ಸಂಜೆಯ ರೈಲು. ಒಳಗಿನ ಮಂಚದಿಂದ ಅಜ್ಜಿ ಕೂಗಿ ಹೇಳಿದರು, "ಎನಗೆ ಕದ್ರಿ ತೀರ್ಥ ತನ್ನಿ."

ಆ ರಾತ್ರಿ ಹೊಸಂಗಡಿಯ ನೆಂಟರ ಮನೆಯಲ್ಲಿ ತಂಗಿದೆವು. ಬೆಳಗ್ಗೆ ಅತ್ತೆ ಅವರ ಬಾವಿಕಟ್ಟೆಯಲ್ಲಿ ಮಿಂದು, ಎರಡು ಚೆಂಬು ನೀರು ಕುಡಿದು, ಮೂರನೆಯದನ್ನು ತುಂಬಿಸಿ ತಿರುಪು ಬಿಗಿದಳು. ಕದ್ರಿ ಸಿಗುವವರೆಗೆ ಅವಳಿಗೆ ಅಷ್ಟೇ ನೀರು. ಮಂಜೇಶ್ವರದಲ್ಲಿ ರೈಲು ಹತ್ತಿದೆವು.

ಅಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅದಕ್ಕೆ ಮೊದಲೇ ಸೀರೆ ಆರಿಸಿಬಿಡಬೇಕೆಂದು ಪಂಚಾಂಗ ನೋಡಿ ಹೊರಟವರು ನಾವು. ಆದರೆ ರೈಲಿಗೆ ಪಂಚಾಂಗ ಉಂಟೇ? ಅದು ನೇತ್ರಾವತಿ ಹೊಳೆಯ ಸಂಕದ ಈಚೆ ನಿಂತು ಸಾಕಷ್ಟು ಹೊತ್ತು ನಿದ್ದೆ ಮಾಡಿತು. ಜವಳಿ ಅಂಗಡಿಯ ಮೆಟ್ಟಿಲು ಹತ್ತುವಾಗ ಗೋಡೆಯ ಗಡಿಯಾರ ಹತ್ತು ಮೂವತ್ತೈದು ತೋರಿಸುತ್ತಿತ್ತು.

"ಇನ್ನು ಹನ್ನೆರಡು ಗಂಟೆವರೆಗೆ ಧಾರೆ ಸೀರೆ ಮುಟ್ಟಲಾಗ" ಎಂದಳು ಅತ್ತೆ.

ಅಂಗಡಿಯವರು ಕೊಂಕಣಿಗರು, ನಗುಮುಖದವರು. "ನೀವು ಮುಟ್ಟುದು ಬೇಡ ಅಮ್ಮಾ. ನಾನು ಬಿಡಿಸಿ ತೋರಿಸ್ತೇನೆ. ಬರೇ ನೋಡ್ಲಿಕ್ಕೆ ರಾಹು ಎಂತ ಮಾಡ್ತಾನೆ?"

"ಕಣ್ಣು ನೋಡಿದರೆ ಮನಸ್ಸು ಮುಟ್ಟಿದ ಹಾಂಗೇ" ಎಂದಳು ಅತ್ತೆ. ಅಷ್ಟಕ್ಕೇ ಬಿಡಲಿಲ್ಲ. ಸೀರೆಗಳ ಕಡೆಗೆ ಬೆನ್ನು ಹಾಕಿಸಿ, ಬೀದಿಗೆ ಮುಖ ಮಾಡಿ ನನ್ನನ್ನು ಚಾಪೆಯ ಮೇಲೆ ಕೂರಿಸಿದಳು. ತಾನೂ ಹಾಗೆಯೇ ಕೂತಳು. ನಮ್ಮ ನಡುವೆ ಚೆಂಬು. ಒಂದೂವರೆ ಗಂಟೆ ನಾವು ಮಂಗಳೂರಿನ ಎತ್ತಿನ ಗಾಡಿಗಳನ್ನು ಎಣಿಸಿದೆವು. ಅಪ್ಪ ಎರಡು ಸಲ ಹೊರಗೆ ಹೋಗಿ ಬಂದರು. ನನಗೆ ಒಳಗಿಂದೊಳಗೇ ಕುದಿಯುತ್ತಿತ್ತು. ರಾಹು ತಿನ್ನುತ್ತಿದ್ದದ್ದು ನನ್ನ ವಿಮಾನವನ್ನು. ಅದು ಅತ್ತೆಯ ಕೆರೆಯನ್ನೂ ತಿನ್ನುತ್ತಿದೆ ಎಂದು ನನಗೆ ಹೊಳೆಯಲಿಲ್ಲ.

ಹನ್ನೆರಡು ಹೊಡೆಯಿತು. ಹಿಂದೆ ರೇಷ್ಮೆಯ ಮಡಿಕೆ ಬಿಚ್ಚುವ ಸರಸರ ಸದ್ದು ಕೇಳಿತು. ನಾನು ಕೂತಲ್ಲಿಂದಲೇ ಗರ್ರನೆ ತಿರುಗಿದೆ. ಆನಿಕೆಗೆಂದು ಊರಿದ ಕೈಗೆ ತಣ್ಣಗಿನ ಹಿತ್ತಾಳೆ ಸಿಕ್ಕಿತು. ಅಷ್ಟೇ. ನನ್ನ ಕಣ್ಣು ಮನಸ್ಸು ಎಲ್ಲ ಎದುರಿನ ಅರಸಿನ ಬಣ್ಣದ ಸೀರೆಯ ಮೇಲಿದ್ದವು.

ಸೀರೆ ಆರಿಸಿ ಕಟ್ಟು ಹಾಕಿಸುವಾಗ ಅತ್ತೆ ಚೆಂಬಿನ ತಿರುಪು ಬಿಚ್ಚಿ ನನ್ನ ಮುಂದೆ ಇಟ್ಟಳು. "ಆಸರಾವ್ತಾ ಕೂಸೆ? ಕುಡಿ." ನಮ್ಮ ಮನೆಮಾತಿನಲ್ಲಿ ಆಸರು ಎಂದರೆ ಬಾಯಾರಿಕೆ. ನಾನು ದಂಗಾದೆ. ಹುಟ್ಟಿದಂದಿನಿಂದ ಆ ಚೆಂಬನ್ನು ಅವಳು ನನ್ನ ಹತ್ತಿರ ಸುಳಿಯಗೊಟ್ಟವಳಲ್ಲ. ಮದುವೆಯಾಗಿ ಹೋಗುವವಳೆಂದು ಇಷ್ಟು ಪ್ರೀತಿ ಬಂದಿರಬೇಕು ಅಂದುಕೊಂಡು, ಎತ್ತಿ ಗಟಗಟನೆ ಪೂರ್ತಿ ಕುಡಿದೆ. ಒಂದು ಗುಟುಕು ಉಳಿಸಬೇಕೆಂದೂ ಅನ್ನಿಸಲಿಲ್ಲ.

ಅಪ್ಪನೂ ನಾನೂ ಬ್ರಾಹ್ಮಣರ ಹೋಟೆಲಿನಲ್ಲಿ ಉಂಡೆವು. ಅತ್ತೆ ಹೊರಗಿನ ಜಗಲಿಯಲ್ಲಿ ಕೂತು ಮನೆಯಿಂದ ತಂದ ಬಾಳೆಹಣ್ಣು ಎರಡು ತಿಂದಳು. ಆಗ ಗಂಟೆ ಒಂದು ದಾಟಿತ್ತು. ಅಪ್ಪ ಬೀದಿಯ ಬದಿಯಲ್ಲಿ ನಿಂತು ತೀರ್ಪು ಹೇಳಿದರು.

"ಕದ್ರಿಗೆ ಹೋದರೆ ಬಜ್ಪೆ ಇಲ್ಲೆ. ಬಜ್ಪೆಗೆ ಹೋದರೆ ಕದ್ರಿ ಇಲ್ಲೆ. ಎರಡಕ್ಕೂ ಹೋದರೆ ರೈಲು ಇಲ್ಲೆ. ಯಾವುದರ ಬಿಡುವ?"

ನಾನು ದೊಡ್ಡ ಮನಸ್ಸಿನ ಹುಡುಗಿಯಾಗಿದ್ದರೆ 'ಅತ್ತೆಗೆ ಕದ್ರಿ ಆಗಲಿ' ಎನ್ನುತ್ತಿದ್ದೆ. ಹಾಗೆ ಹೇಳಬೇಕೆಂದು ಗೊತ್ತೂ ಇತ್ತು. ನಾನು ನನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತೆ. ಕಣ್ಣಲ್ಲಿ ನೀರು ತುಂಬುತ್ತಿತ್ತು. ಅದು ಅತ್ತೆಗೆ ಕಾಣಿಸಲಿ ಎಂದೇ ಇತ್ತೋ ಏನೋ, ಈಗ ಆಣೆ ಹಾಕಿ ಹೇಳಲಾರೆ.

"ಬಜ್ಪೆಗೆ ಹೋಪ" ಎಂದಳು ಅತ್ತೆ.

ಅಪ್ಪ ನಂಬಲಿಲ್ಲ. "ಅಂಬಗ ನಿನ್ನ ಕೆರೆ?"

"ಕೆರೆ ಎಲ್ಲಿಗೂ ಹೋವ್ತಿಲ್ಲೆ. ಕೂಸು ಹೋವ್ತು."

ಬಜ್ಪೆಯ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಅಪ್ಪನಿಗೆ ಆಗ ನೆನಪಾಯಿತು. "ನೀರು ಇದ್ದೋ ಅಕ್ಕಾ? ಇಲ್ಲೇ ಹತ್ತರೆ ದೇವಸ್ಥಾನದ ಬಾವಿ ಇದ್ದು, ಬೇಕಾದರೆ ಮುಂದಿನ ಬಸ್ಸಿಲಿ ಹೋಪ." ಅತ್ತೆ ಚೆಂಬನ್ನು ಸೆರಗಿನೊಳಗೆ ಸರಿಸಿಕೊಂಡು "ಇದ್ದು" ಎಂದಳು. ಚೆಂಬು ಖಾಲಿ ಎಂಬುದು ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದದ್ದು, ಅವಳಿಗೆ ಮತ್ತು ನನಗೆ. ನಾನು ಬಾಯಿ ಬಿಡಲಿಲ್ಲ. ಬಸ್ಸು ತಪ್ಪಿದರೆ ವಿಮಾನ ತಪ್ಪೀತು ಎಂಬ ಹೆದರಿಕೆ. ಹದಿನೇಳರಲ್ಲಿ ಬೇರೆಯವರ ಬಾಯಾರಿಕೆ ನಮ್ಮ ಗಂಟಲಿಗೆ ತಿಳಿಯುವುದಿಲ್ಲ.

ಬಜ್ಪೆಯ ಆ ಬಯಲು ಕೆಂಪು ಮುರಕಲ್ಲಿನ ಕಾದ ಕಾವಲಿ. ಬೇಲಿಯ ಹೊರಗೆ ನಮ್ಮ ಹಾಗೆಯೇ ಬಂದವರು ನೂರು ಜನ ಇದ್ದಿರಬೇಕು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಬುತ್ತಿ ಬಿಚ್ಚಿದವರು, ಸೋಡಾ ಮಾರುವವನ ಸುತ್ತ ಮುತ್ತಿದವರು. ನಾನೂ ಒಂದು ಗೋಲಿ ಸೋಡಾ ಕುಡಿದೆ. ಅತ್ತೆ ಒಂದು ಕುಳ್ಳು ಗೇರುಮರದ ಕೆಳಗೆ ಸೆರಗನ್ನು ಮುಖದವರೆಗೆ ಎಳೆದುಕೊಂಡು ಕೂತಿದ್ದಳು. ಆ ಮರಕ್ಕೆ ನೆರಳಿಗಿಂತ ಇರುವೆ ಹೆಚ್ಚು. ಪಕ್ಕದಲ್ಲಿದ್ದ ಒಬ್ಬ ಮುಸಲ್ಮಾನ ಬ್ಯಾರಿ ಮುದುಕರು ಅವಳನ್ನು ನೋಡಿ ಅಪ್ಪನನ್ನು ಕರೆದರು.

"ಎಂತ ಮಾರಾಯ್ರೆ, ಅಮ್ಮನ ಮುಖ ಬಾಡಿ ಉಂಟಲ್ಲ. ಈ ಕೊಡೆ ಹಿಡ್ಕೊಳ್ಳಿ. ನನಗೆ ಟೊಪ್ಪಿ ಉಂಟು, ಸಾಕು."

ಅಪ್ಪ ಹಿಂದೆಮುಂದೆ ನೋಡಿದರು. ಅತ್ತೆ ತಾನೇ ಕೈ ಚಾಚಿ ಕೊಡೆ ತೆಗೆದುಕೊಂಡಳು. ಅವಳು ಪರರ ಕೈಯಿಂದ ಒಂದು ವಸ್ತು ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಿಮಾನ ಬರುವ ಹೊತ್ತಿಗೆ ಬರಲಿಲ್ಲ. ಬರುತ್ತದೋ ಇಲ್ಲವೋ ಎಂದು ಜನ ಎದ್ದು ಹೋಗತೊಡಗಿದರು. ಅಪ್ಪ ಎರಡು ಸಲ "ಹೋಪನಾ" ಎಂದು ಕೇಳಿದರು. ಎರಡು ಸಲವೂ ಕೊಡೆಯ ಕೆಳಗಿನಿಂದ ಅತ್ತೆ "ಇನ್ನೂ ರಜ ಹೊತ್ತು ನೋಡುವ" ಎಂದಳು. ಅವಳ ದನಿ ಒಣಗಿ ಕರಕರ ಎನ್ನುತ್ತಿತ್ತು. ಮೂರನೆಯ ಸಲ ಅಪ್ಪ ಬಾಯಿ ತೆರೆಯುವಾಗ ಮೂಡುದಿಕ್ಕಿನಿಂದ ಸದ್ದು ಬಂತು.

ಅದನ್ನು ಹೇಗೆ ಹೇಳಲಿ? ಆಮೇಲೆ ಎಷ್ಟೋ ವಿಮಾನ ನೋಡಿದ್ದೇನೆ, ಒಳಗೆ ಕೂತು ಹೋದದ್ದೂ ಉಂಟು, ಯಾವುದೂ ಅದರಷ್ಟು ದೊಡ್ಡದಿರಲಿಲ್ಲ. ಬೆಳ್ಳಿಯ ಹೊಟ್ಟೆ ಬಿಸಿಲಿಗೆ ಹೊಳೆಯಿತು. ಚಕ್ರ ನೆಲ ಮುಟ್ಟಿದಾಗ ಕೆಂಪು ಧೂಳು ಎದ್ದು ನಮ್ಮೆಲ್ಲರ ಬಾಯಿಗೆ ಬಂತು. ನಾನು ಬೇಲಿಯ ತಂತಿ ಹಿಡಿದು ಕುಣಿದೆ. ಮದುವೆ ನಿಶ್ಚಯವಾದ ಹುಡುಗಿ ಎಂಬುದು ಮರೆತೇಹೋಯಿತು. ಬಾಗಿಲು ತೆರೆಯಿತು. ಮೊದಲು ಇಳಿದದ್ದು ಕೋಟು ಹಾಕಿದ ದೊಡ್ಡ ಮನುಷ್ಯ ಅಲ್ಲ, ಸೊಂಟದಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು. ಸೀರೆಯ ನೆರಿಗೆ ಸರಿ ಮಾಡಿಕೊಂಡು, ನಾವು ಬಸ್ಸಿನಿಂದ ಇಳಿಯುವಂತೆ ಇಳಿದಳು. ಮಗು ಕಿರುಚಿ ಅಳುತ್ತಿತ್ತು.

ಅತ್ತೆ ಯಾವಾಗ ಎದ್ದು ನನ್ನ ಪಕ್ಕದಲ್ಲಿ ನಿಂತಳೋ ತಿಳಿಯಲಿಲ್ಲ. "ಆಕಾಶಂದ ಬಂದರೂ ಮಕ್ಕೊ ಕೂಗುದು ಒಂದೇ ನಮೂನೆ" ಎಂದು ನಕ್ಕಳು. ತುಟಿ ಒಡೆದು ರಕ್ತ ಜಿನುಗಿತ್ತು. ನಾನು ನೋಡಿದೆ, ಬಿಸಿಲಿಗೆ ಎಂದುಕೊಂಡೆ. ಕೊಡೆಯನ್ನು ಮುದುಕರಿಗೆ ಮರಳಿಸಿ ಓಡಿ ಬಸ್ಸು ಹಿಡಿದೆವು, ಆಮೇಲೆ ರೈಲು. ದಾರಿಯುದ್ದಕ್ಕೂ ನಾನು ವಿಮಾನದ ಬಗ್ಗೆ ಮಾತಾಡಿದೆ. ಅತ್ತೆ ಬರೇ ತಲೆ ಆಡಿಸಿದಳು. ಮಾತಾಡಿದರೆ ದನಿ ಗುಟ್ಟು ಬಿಟ್ಟುಕೊಡುತ್ತಿತ್ತು.

ಹೊಸಂಗಡಿಯ ಮನೆ ಮುಟ್ಟುವಾಗ ಇನ್ನೂ ಬೆಳಕಿತ್ತು. ನಮ್ಮವರ ಮನೆಗೆ ಯಾರು ಹೋದರೂ ಮೊದಲ ಮಾತು ಕ್ಷೇಮ ಸಮಾಚಾರ ಅಲ್ಲ. ಮನೆಯಾಕೆ ಬೆಲ್ಲದ ತಟ್ಟೆ ಹಿಡಿದು ಬಂದು ಕೇಳಿದರು, "ಆಸರಿಂಗೆ ಎಂತ ಬೇಕು?"

ಅತ್ತೆ ಉತ್ತರ ಹೇಳದೆ ನೇರ ಬಾವಿಕಟ್ಟೆಗೆ ನಡೆದಳು. ನಾನು ಹಿಂದೆ ಹೋದೆ. ಮೊದಲು ಅವಳು ಉಟ್ಟ ಸೀರೆಯಲ್ಲೇ ಕೊಡಕೊಡ ನೀರು ಸೇದಿ ತಲೆಗೆ ಸುರಿದುಕೊಂಡಳು. ತಲೆಯಿಂದ ಇಳಿದ ನೀರು ತುಟಿಯ ಮೇಲಿಂದಲೇ ಹೋಗುತ್ತಿತ್ತು. ಅವಳು ಬಾಯಿ ಬಿಗಿಹಿಡಿದಿದ್ದಳು. ಸ್ನಾನ ಮುಗಿಯದೆ ಕುಡಿಯುವಂತಿಲ್ಲವಲ್ಲ. ಆಮೇಲೆ ಚೆಂಬು ತೆಗೆದುಕೊಂಡಳು. ಒಲೆಯ ಬೂದಿ ತಂದು, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿದಳು. ತೊಳೆದಳು. ಮತ್ತೆ ಬೂದಿ ಹಾಕಿ ತಿಕ್ಕಿದಳು. ಮೂರು ಸಲ.

ಆಗ ನನಗೆ ತಿಳಿಯಿತು. ಅಂಗಡಿಯಲ್ಲಿ ಅವಳು ನನಗೆ ನೀರು ಕೊಟ್ಟದ್ದು ಪ್ರೀತಿ ಉಕ್ಕಿ ಅಲ್ಲ. ನನ್ನ ಕೈ ತಾಗಿ ನೀರು ಮೈಲಿಗೆಯಾಗಿತ್ತು. ಒಂದು ಮಾತು ಹೇಳಿದ್ದರೆ ಅಪ್ಪ ನನ್ನನ್ನು ಬೈದು ಕದ್ರಿಗೇ ಕರೆದುಕೊಂಡು ಹೋಗುತ್ತಿದ್ದರು. ಅವಳಿಗೆ ನೀರು, ಸ್ನಾನ, ನಲ್ವತ್ತು ವರ್ಷದ ಆಸೆ ಎಲ್ಲ ಒಟ್ಟಿಗೇ ಸಿಗುತ್ತಿತ್ತು. ಅವಳು ಹೇಳಲಿಲ್ಲ. ಸೆರಗಿನ ತುದಿ ತಾಗಿದ್ದಕ್ಕೆ ಬೈಯುತ್ತಿದ್ದವಳು, ಕೈ ಊರಿದ್ದಕ್ಕೆ ಸುಮ್ಮನಾದಳು.

ಅವಳು ಕುಡಿದಳು. ಒಂದು ಚೆಂಬು, ಎರಡು, ಮೂರು. ನಾಲ್ಕನೆಯದನ್ನು ಅರ್ಧ ಕುಡಿದು ಉಸಿರು ಬಿಟ್ಟು, ಅಳುತ್ತಿದ್ದ ನನ್ನ ಮುಖ ನೋಡಿದಳು.

"ಎಂತಗೆ ಕೂಗುದು? ವಿಮಾನ ಕಂಡಾತನ್ನೆ?"

"ಎನ್ನಂದಾಗಿ ನಿಂಗೊಗೆ ಕದ್ರಿ ತಪ್ಪಿತ್ತು" ಎಂದೆ, ಬಿಕ್ಕುತ್ತ.

ಅವಳು ಬೇಡವೆಂದು ಕೈಯಾಡಿಸಿದಳು. "ಅಜ್ಜಿಗೆ ಹೇಳೆಡ" ಎಂದಷ್ಟೇ ಹೇಳಿ, ಚೆಂಬನ್ನು ಮತ್ತೆ ತುಂಬಿಸಿ ತಿರುಪು ಬಿಗಿದಳು.

ಮರುದಿನ ಮನೆ ಸೇರಿದಾಗ ಅಜ್ಜಿ ಮಂಚದಲ್ಲಿ ಎದ್ದು ಕೂತು ಕೈ ಚಾಚಿದರು. "ತೀರ್ಥ ತಂದೆಯಾ?" ಅತ್ತೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಹೇಳದಿದ್ದದ್ದು ಸುಳ್ಳಾಗುವುದಿಲ್ಲ ಎಂದು ಅವಳ ಶಾಸ್ತ್ರದಲ್ಲಿ ಬರೆದಿರಬೇಕು. ಚೆಂಬಿನಿಂದ ಒಂದು ಉದ್ಧರಣೆ ನೀರನ್ನು ಅಜ್ಜಿಯ ಬೊಗಸೆಗೆ ಬಿಟ್ಟಳು. ಅಜ್ಜಿ ಅದನ್ನು ಕುಡಿದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

"ಅಪ್ಪು" ಎಂದು ಹೌದೆಂಬಂತೆ ತಲೆ ಆಡಿಸಿದರು. "ಅದೇ ರುಚಿ."

ಅಪ್ಪನಿಗೆ ಕೆಮ್ಮು ಬಂದು ಅಂಗಳಕ್ಕೆ ಹೋದರು. ಅತ್ತೆ ಮನೆಮಂದಿಗೆಲ್ಲ ಒಂದೊಂದು ಹನಿ ಕೊಟ್ಟಳು. ನನ್ನ ಸರದಿ ಬಂದಾಗ ನನ್ನ ಮುಖ ನೋಡಲಿಲ್ಲ.

ಮುಂದೆ ನಾನು ಅಂದುಕೊಂಡ ಹಾಗೆಯೇ ಆಯಿತು. ಎರಡು ಹೊಳೆಯ ಆಚೆಗೆ ಹೋದವಳು ಒಂಬತ್ತು ವರ್ಷ ಪೇಟೆಯ ಮುಖ ಕಾಣಲಿಲ್ಲ. ಅದು ಕೆಟ್ಟ ಮನೆಯೇನೂ ಅಲ್ಲ. ಕೆಲಸ ಮುಗಿಯದ ಮನೆ ಅಷ್ಟೇ. ಭತ್ತ ಕುಟ್ಟುವಾಗಲೋ, ಮಗುವಿಗೆ ಜ್ವರ ಬಂದು ಮಡಿಲಲ್ಲಿ ಹಾಕಿಕೊಂಡು ಕೂತಾಗಲೋ ತಲೆಯ ಮೇಲಿನಿಂದ ಸದ್ದು ಹೋದರೆ, ಅದರೊಳಗೆ ಸೀರೆಯ ನೆರಿಗೆ ಸರಿ ಮಾಡಿಕೊಳ್ಳುವ ಹೆಂಗಸು ಇರುತ್ತಾಳೆ ಎಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಅಷ್ಟೊಂದು ದೊಡ್ಡ ಆಸ್ತಿ ನನಗೆ ತವರಿನಿಂದ ಬೇರೆ ಯಾರೂ ಕೊಟ್ಟು ಕಳಿಸಲಿಲ್ಲ.

ಒಂಬತ್ತನೆಯ ವರ್ಷ ಮಗನ ಕಿವಿಯ ನೋವಿಗೆ ಮದ್ದು ಮಾಡಿಸಲು ಮಂಗಳೂರಿಗೆ ಹೋದೆ. ನನ್ನ ಯಜಮಾನರು 'ಬಂದರು ನೋಡುವ, ಗುಡ್ಡ ಹತ್ತುವ' ಎಂದರು. ನಾನು ಎಲ್ಲವನ್ನೂ ಬಿಡಿಸಿ ಕದ್ರಿಗೆ ಕರೆದುಕೊಂಡು ಹೋದೆ. ಏಳು ಕೆರೆಗಳನ್ನು ನೋಡಿದೆ. ಅಜ್ಜಿ ಹೇಳಿದ್ದಕ್ಕಿಂತಲೂ ನೀರು ತಂಪಾಗಿತ್ತು. ಮಿಂದು, ಹೊಸ ಚೆಂಬೊಂದಕ್ಕೆ ತೀರ್ಥ ತುಂಬಿಸಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಯಾರ ಕೈಯೂ ತಾಗದಂತೆ ಮಗುವಿಗಿಂತ ಜಾಗ್ರತೆಯಿಂದ ಹಿಡಿದುಕೊಂಡು ಬಾಯಾರಿಗೆ ಬಂದೆ.

ಅಜ್ಜಿ ಹೋಗಿ ಆಗ ವರ್ಷಗಳಾಗಿದ್ದವು. ಅಜ್ಜಿಯ ಮಂಚದಲ್ಲಿ ಈಗ ಅತ್ತೆ. ಕದ್ರಿಗೆ ಕರೆದರೆ ಮೊಣಕಾಲು ಕೇಳುವುದಿಲ್ಲ ಎನ್ನುತ್ತಿದ್ದಳು. ನಾನು ಏನು ತಂದಿದ್ದೇನೆಂದು ಹೇಳಿದಾಗ ಎದ್ದು ಕೂತು ಸೆರಗು ಸರಿಪಡಿಸಿಕೊಂಡಳು. ಬೊಗಸೆ ಒಡ್ಡಿದಳು. ನಾನು ನೀರು ಬಿಟ್ಟೆ. ಅವಳು ಕುಡಿದು ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಅವಳು ನಾಲಿಗೆಯಿಂದ ತುಟಿ ಸವರಿಕೊಂಡಳು. ಬಾಗಿಲಿನ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಹತ್ತಿರಕ್ಕೆ ಬಗ್ಗಿದಳು.

"ಹೊಸಂಗಡಿದೇ ರುಚಿ ಇತ್ತು ಕೂಸೆ" ಎಂದಳು.